ಕಂಡರಿಸಿದ ಮನುಷ್ಯರು: ಗದಗ ಸೀಮೆಯ ಕಲ್ಲು, ತಾಮ್ರ, ಅಚ್ಚುಗಳಲ್ಲಿ ವ್ಯಕ್ತಿಚಿತ್ರ

ವ್ಯಕ್ತಿಯೊಬ್ಬನ ಗುರುತನ್ನು ಗಟ್ಟಿ ವಸ್ತುವಿನ ಮೇಲೆ ಗೆರೆಯಾಗಿ ಕೊರೆದು ಉಳಿಸುವ ಕಸುಬು ಯುರೋಪಿನಲ್ಲಿ ತುತ್ತತುದಿ ಮುಟ್ಟಿದ್ದು 17ನೇ ಶತಮಾನದಲ್ಲಿ. ಕಲಾಚರಿತ್ರೆ ಬರೋಕ್ ಎಂದು ಕರೆಯುವ ಆ ಕಾಲದಲ್ಲಿ ಪ್ಯಾರಿಸ್, ಆಂಟ್‌ವರ್ಪ್‌ಗಳ ಕೆತ್ತನೆಗಾರರು ಮಂತ್ರಿಗಳು, ಬಿಷಪ್ಪರು, ಸೇನಾಪತಿಗಳು, ಪಂಡಿತರ ಮುಖಗಳನ್ನು ತಾಮ್ರದ ತಗಡಿನಲ್ಲಿ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿ ಊರೂರಿಗೆ ಹಂಚಿದರು. ಅಂಥದ್ದು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಇತ್ತೇ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ಇಲ್ಲಿಯವರು ದೇವರನ್ನು ಕೆತ್ತಿದರು, ಗುಡಿ ಕಟ್ಟಿದರು, ಶಾಸನ ಹಾಕಿಸಿದರು, ಮನುಷ್ಯನ ಚಿತ್ರವನ್ನು ಮಾತ್ರ ಮಾಡಲಿಲ್ಲ ಎನ್ನುತ್ತಾರೆ. ಈ ಉತ್ತರ ಸರಿಯಲ್ಲ ಎಂಬುದು ನನ್ನ ವಾದ. ಇಲ್ಲಿಯ ಕೆತ್ತನೆಗಾರರು ಶತಮಾನಗಳ ಕಾಲ ವ್ಯಕ್ತಿಚಿತ್ರವನ್ನು ಕೊರೆದಿದ್ದಾರೆ. ಅಕ್ಷರ ಮತ್ತು ಆಕೃತಿ ಎರಡೂ ಕೂಡಿದಾಗಲೇ ಆ ವ್ಯಕ್ತಿ ಪೂರ್ಣವಾಗುವಂತೆ ಕೊರೆದಿದ್ದಾರೆ. 19ನೇ ಶತಮಾನದಲ್ಲಿ ವಿದ್ವಾಂಸರು ಆ ಕಲ್ಲುಗಳನ್ನು ಕಾಗದಕ್ಕೆ ಇಳಿಸಿಕೊಂಡಾಗ ಅಕ್ಷರ ಒಂದು ಶಾಸ್ತ್ರದ ಪಾಲಾಯಿತು, ಆಕೃತಿ ಇನ್ನೊಂದು ಶಾಸ್ತ್ರದ ಪಾಲಾಯಿತು. ಇಂದು ನಮಗೆ ಇಲ್ಲಿ ವ್ಯಕ್ತಿಚಿತ್ರ ಕಾಣದೆ ಹೋಗಿರುವುದು ಆ ಪಾಲುಪಟ್ಟಿಯಿಂದ.

ಹೋಲಿಸಿ ನೋಡುವುದಕ್ಕೆ ಮೊದಲು ಯುರೋಪಿನ ಕೆಲಸದ ಬಗೆಯನ್ನು ತಿಳಿಯಬೇಕು. ನಾಲ್ಮೂಲೆಯ ಉಕ್ಕಿನ ಸಣ್ಣ ಉಳಿಯ ತುದಿಯನ್ನು ಓರೆಯಾಗಿ ಸಾಣೆ ಹಿಡಿದು, ಅಂಗೈಯಿಂದ ಅದನ್ನು ಮುಂದಕ್ಕೆ ಒತ್ತುತ್ತ ತಾಮ್ರದ ಮೇಲೆ ಗೆರೆ ತೆಗೆಯುತ್ತಿದ್ದರು. ಬಾಗಿದ ಗೆರೆ ಬೇಕಾದಾಗ ಕೈಗಿಂತ ಹೆಚ್ಚಾಗಿ ತಗಡನ್ನೇ ತಿರುಗಿಸುತ್ತಿದ್ದರು. ಗೆರೆಯ ಆಳ, ದಪ್ಪ, ಒತ್ತು ಇಷ್ಟರಲ್ಲೇ ನೆರಳು, ಚರ್ಮ, ರೇಷ್ಮೆ, ಲೋಹದ ಹೊಳಪು ಎಲ್ಲವೂ ಹುಟ್ಟಬೇಕು. ಕ್ಲೋದ್ ಮೆಲಾನ್ 1649ರಲ್ಲಿ ಯೇಸುವಿನ ಮುಖವನ್ನು ಮೂಗಿನ ತುದಿಯಿಂದ ಹೊರಟು ಸುತ್ತಿ ಸುತ್ತಿ ಬೆಳೆಯುವ ಒಂದೇ ಗೆರೆಯಲ್ಲಿ, ಅದರ ದಪ್ಪವನ್ನು ಮಾತ್ರ ಹೆಚ್ಚುಕಡಿಮೆ ಮಾಡುತ್ತ ಕೊರೆದು ತೋರಿಸಿದ. ಅಬ್ರಹಾಂ ಬೋಸ್ 1645ರಲ್ಲಿ ಈ ಕಸುಬಿನ ಮೇಲೆ ಕೈಪಿಡಿಯನ್ನೇ ಬರೆದ. 1660ರಲ್ಲಿ ಫ್ರಾನ್ಸಿನ ರಾಜಾಜ್ಞೆಯೊಂದು ಕೆತ್ತನೆಯನ್ನು ಸ್ವತಂತ್ರ ಕಲೆಯೆಂದು ಒಪ್ಪಿ, ಕುಶಲಕರ್ಮಿಗಳ ಸಂಘದ ಕಟ್ಟಳೆಯಿಂದ ಅದನ್ನು ಬಿಡಿಸಿತು. ಆ ಕಾಲದ ದೊಡ್ಡ ಹೆಸರು ರೊಬೇರ್ ನಾಂತೈ (1623–1678). ಅವನು ಕೊರೆದ ಭಾವಚಿತ್ರಗಳು ಇನ್ನೂರಕ್ಕೂ ಹೆಚ್ಚು. ಮುಖಕ್ಕೆ ಸಣ್ಣ ಸಣ್ಣ ಗೀರು, ಚುಕ್ಕೆ. ಬಟ್ಟೆಗೆ ಒಂದರ ಮೇಲೊಂದು ಅಡ್ಡಹಾಯುವ ಉದ್ದ ಗೆರೆ. ಆದರೆ ಅವನ ಯಾವ ಚಿತ್ರವನ್ನಾದರೂ ಪೂರ್ತಿಯಾಗಿ ನೋಡಿದರೆ ಮುಖ ಅದರ ಒಂದು ಪಾಲು ಮಾತ್ರ ಎಂಬುದು ಗೊತ್ತಾಗುತ್ತದೆ. ಮುಖದ ಸುತ್ತ ಅಂಡಾಕಾರದ ಚೌಕಟ್ಟು, ಅದರ ಮೇಲೆ ಹೆಸರು ಹಾಗೂ ಪದವಿಗಳ ಸಾಲು, ಕೆಳಗೆ ಮನೆತನದ ಲಾಂಛನ, ಹಲವು ಸಲ ಅದರ ಕೆಳಗೆ ಸ್ತುತಿಯ ಪದ್ಯ. ಆ ಅಕ್ಷರಗಳನ್ನೂ ಲಾಂಛನವನ್ನೂ ತೆಗೆದರೆ ಮೂರು ತಲೆಮಾರಿನ ಬಳಿಕ ಆ ಮುಖ ಯಾರದೆಂದು ಹೇಳುವವರು ಇರುವುದಿಲ್ಲ. ಹಾಗಾಗಿ ಬರೋಕ್ ಭಾವಚಿತ್ರ ಎಂದರೆ ಮುಖ, ಅಕ್ಷರ, ಲಾಂಛನ ಈ ಮೂರರ ಜೋಡಣೆ. ಇದನ್ನು ಒಪ್ಪಿಕೊಂಡು ಗದಗ ಸೀಮೆಗೆ ಬಂದರೆ ಕೇಳಬೇಕಾದ ಪ್ರಶ್ನೆ ಬೇರೆಯಾಗುತ್ತದೆ. ಇಲ್ಲಿಯ ಕೆತ್ತನೆಗಾರರು ಈ ಮೂರರಲ್ಲಿ ಯಾವುದಕ್ಕೆ ಎಷ್ಟು ಭಾರ ಹಾಕಿದರು?

ಈ ಸೀಮೆಯ ಕೆತ್ತನೆಯ ಹಳೆಯ ದಾಖಲೆಗಳು ಪುಲಿಗೆರೆಯವು, ಅಂದರೆ ಇಂದಿನ ಲಕ್ಷ್ಮೇಶ್ವರದವು. ತಿರುಳ್ಗನ್ನಡದ ನಾಡಿನ ಮೇರೆ ಹೇಳುವಾಗ ಕವಿರಾಜಮಾರ್ಗ ಹೆಸರಿಸುವ ಊರುಗಳಲ್ಲಿ ಇದೂ ಒಂದು. ಬಾದಾಮಿ ಚಾಲುಕ್ಯರ ಕಾಲಕ್ಕೇ ಇಲ್ಲಿ ಬಸದಿಗಳಿದ್ದವು. ಚಾಲುಕ್ಯ ವಿಜಯಾದಿತ್ಯನ ಸೋದರಿ ಕುಂಕುಮ ಮಹಾದೇವಿ ಪುಲಿಗೆರೆಯಲ್ಲಿ ಕಟ್ಟಿಸಿದ ಬಸದಿಗೆ ಸಂಬಂಧಿಸಿದ ತಾಮ್ರಶಾಸನ ನೆರೆಯ ಶಿಗ್ಗಾವಿಯಲ್ಲಿ ಸಿಕ್ಕಿದೆ. ಅದು 8ನೇ ಶತಮಾನದ ಮೊದಲ ದಶಕದ್ದು. ಯುವರಾಜ ವಿಕ್ರಮಾದಿತ್ಯನು ಪುಲಿಗೆರೆಯ ಮಹಾಜನರಿಗೂ ಊರವರಿಗೂ ಹಾಕಿಕೊಟ್ಟ ಆಚಾರವ್ಯವಸ್ಥೆಯ ಕಲ್ಬರಹವೂ ಅದೇ ಶತಮಾನದ್ದು. ಇಲ್ಲಿ ತಾಮ್ರವನ್ನು ಗಮನಿಸಬೇಕು. ನಾಂತೈ ಕೊರೆದದ್ದೂ ತಾಮ್ರವನ್ನೇ. ಚಾಲುಕ್ಯರ ಅಕ್ಕಸಾಲಿಗನ ಎದುರಿಗಿದ್ದ ಕಷ್ಟಗಳು ಸುಮಾರಾಗಿ ಅವನವೇ: ಲೋಹ ಮೆತುವಾಗಿದ್ದರೂ ಗೆರೆಯ ಅಂಚಿನಲ್ಲಿ ಚೂರು ಏಳುತ್ತದೆ, ಕೈ ತಪ್ಪಿದರೆ ಅಳಿಸುವುದು ಸುಲಭವಲ್ಲ, ಸಾಲು ನೇರ ನಿಲ್ಲಬೇಕು. ಅಕ್ಷರ ಸವೆಯಬಾರದೆಂದು ತಗಡಿನ ಅಂಚನ್ನು ಎತ್ತರಿಸಿದರು, ತಗಡುಗಳನ್ನು ಬಳೆಯಿಂದ ಪೋಣಿಸಿದರು, ಬಳೆಯ ಮೇಲೆ ವರಾಹಮುದ್ರೆ ಒತ್ತಿದರು. ರಾಜನ ಮುಖ ಎಲ್ಲಿಯೂ ಇಲ್ಲ. ಅವನ ವಂಶ, ಬಿರುದು, ಗೆದ್ದ ಕಾಳಗ, ಕೊಟ್ಟ ದಾನ ಇವು ಅಕ್ಷರದಲ್ಲಿವೆ, ಲಾಂಛನ ಮುದ್ರೆಯಲ್ಲಿದೆ. ಬರೋಕ್ ಜೋಡಣೆಯ ಮೂರು ಅಂಗಗಳಲ್ಲಿ ಎರಡು 8ನೇ ಶತಮಾನಕ್ಕೇ ಇಲ್ಲಿ ಪಕ್ವವಾಗಿದ್ದವು. ತಗಡಿಗೆ ಮಸಿ ತುಂಬಿ ಪ್ರತಿ ತೆಗೆಯುವ ಯೋಚನೆ ಇರಲಿಲ್ಲ. ರಾಜಶಾಸನ ಪಡೆದವನ ಮನೆಯಲ್ಲಿ ಒಂದೇ ಒಂದು ಮೂಲವಾಗಿ ಉಳಿಯುವುದೇ ಅದರ ಬೆಲೆಯಾಗಿತ್ತು.

11ನೇ ಶತಮಾನದಲ್ಲಿ ಕೆತ್ತನೆಯ ನುಡಿಗಟ್ಟನ್ನೇ ಬದಲಿಸಿದ್ದು ಕಲ್ಲು. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲು ದೊಡ್ಡ ಆಕೃತಿಗೆ, ಉಬ್ಬುಶಿಲ್ಪದ ತುಂಬು ಮೈಗೆ ಒಗ್ಗುತ್ತದೆ. ಸೂಕ್ಷ್ಮ ಗೆರೆ ಅದರಲ್ಲಿ ಉದುರುತ್ತದೆ. ಲಕ್ಕುಂಡಿಯ ಬ್ರಹ್ಮಜಿನಾಲಯದ ಹೊತ್ತಿಗೆ ಈ ಭಾಗದ ಶಿಲ್ಪಿಗಳು ನುಣುಪು ಕಣದ, ಹಸಿರುಗಪ್ಪು ಬಣ್ಣದ ಬಳಪದ ಕಲ್ಲಿನ ಜಾತಿಗೆ ಹೊರಳಿದರು. ಕಲ್ಲಿನ ತುಂಡುಗಳು ಚಿಕ್ಕವಾದವು, ಕೆತ್ತನೆ ಆಳವಾಯಿತು, ಕಂಬಗಳನ್ನು ಚರಕಿಗೆ ಹಾಕಿ ತಿರುಗಿಸಿ ಕನ್ನಡಿಯ ಹೊಳಪು ಬರಿಸುವುದು ಸಾಧ್ಯವಾಯಿತು. ಲಕ್ಕುಂಡಿಯ ಕಾಶಿವಿಶ್ವೇಶ್ವರದ ಬಾಗಿಲವಾಡಗಳು, ಗದಗಿನ ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳು, ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ನಕ್ಷತ್ರದಂತೆ ಮೂಲೆ ಮೂಲೆಯಾಗಿ ಮಡಿಸುತ್ತ ಹೋಗುವ ದೊಡ್ಡಬಸಪ್ಪ ಗುಡಿಯ ಗೋಡೆಗಳು, ಇವೆಲ್ಲ ಈ ಕಲ್ಲಿನ ಕೊಡುಗೆ. ಅದೇ ಕಲ್ಲು ಅಕ್ಷರವನ್ನೂ ಬದಲಿಸಿತು. ಉಳಿ ಸರಾಗವಾಗಿ ತಿರುಗುವಲ್ಲಿ ಅಕ್ಷರದ ಬಾಗು ದುಂಡಗಾಗುತ್ತದೆ, ತಲೆಕಟ್ಟು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಸಾಲಿನಿಂದ ಸಾಲಿಗೆ ಅಂತರ ಸಮವಾಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಒಳ್ಳೆಯ ಶಾಸನವನ್ನು ಬೆಳಗಿನ ಓರೆಬೆಳಕಿನಲ್ಲಿ ನೋಡಿದರೆ ಗೆರೆಯ ಆಳವನ್ನು ಆಳುವ ಕೈ ಎಂಥದೆಂದು ಕಾಣುತ್ತದೆ. ನಾಂತೈಯ ಗೆರೆಯ ಪಕ್ಕದಲ್ಲಿ ಇಡಬೇಕಾದದ್ದು ಈ ಗೆರೆಯನ್ನು. ದೇವರ ವಿಗ್ರಹವನ್ನು ಅಲ್ಲಿ ತಂದಿಟ್ಟರೆ ಹೋಲಿಕೆ ದಾರಿ ತಪ್ಪುತ್ತದೆ.

ಲಕ್ಕುಂಡಿಯ 1007ರ ಶಾಸನ ಈ ಅಕ್ಷರಚಿತ್ರಕ್ಕೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಾಕ್ಷಿ. ಇರಿವಬೆಡಂಗ ಸತ್ಯಾಶ್ರಯನ ಆಳಿಕೆಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಅದು ಅವಳ ಕುಲ, ನಡತೆ, ದಾನ, ಪವಾಡಗಳ ಮೂಲಕ ಕಣ್ಣಮುಂದೆ ನಿಲ್ಲಿಸುತ್ತದೆ. ಬಸದಿಯ ಒಳಗೆ ನಾಲ್ಮೊಗದ ಬ್ರಹ್ಮನ, ಪದ್ಮಾವತಿಯ ಶಿಲ್ಪಗಳಿವೆ. ಕಟ್ಟಿಸಿದವಳನ್ನು ನಿಲ್ಲಿಸಿದ್ದು ಅಕ್ಷರದಲ್ಲಿ. ಇದೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಈ ನಾಡಿಗೆ ಪ್ರತಿ ಮಾಡಿ ಹಂಚುವ ಯೋಚನೆಯೇ ಬಂದಿರಲಿಲ್ಲ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ಯೋಚನೆ ಇತ್ತು, ಹಣವಿತ್ತು, ದುಡಿಯುವ ಕೈಗಳಿದ್ದವು. ಹಂಚಬೇಕಾದದ್ದು ಪಾಠ ಎಂದು ಆ ಸಮಾಜ ತೀರ್ಮಾನಿಸಿತ್ತು, ಮುಖ ಎಂದು ತೀರ್ಮಾನಿಸಿರಲಿಲ್ಲ. ಟಂಕಸಾಲೆಯೂ ಇದನ್ನೇ ಹೇಳುತ್ತದೆ. ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಲಕ್ಕುಂಡಿಯಲ್ಲಿ, ಮತ್ತು ರೋಣ ಕಡೆಯ ಸೂಡಿಯಲ್ಲಿ ನಾಣ್ಯ ಹೊಡೆಯುತ್ತಿದ್ದರು. ಲೊಕ್ಕಿ ಗದ್ಯಾಣದ ಹೆಸರು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಾಣ್ಯದ ಅಚ್ಚು ಕೊರೆಯುವುದು ತೀರ ಸಣ್ಣ ಜಾಗದ, ತೀರ ನಿಖರವಾದ ಕೆಲಸ. ರೋಮಿನಿಂದ ಹಿಡಿದು ಫ್ರಾನ್ಸಿನವರೆಗೆ ಆ ಜಾಗದಲ್ಲಿ ದೊರೆಯ ಮುಖ ಕೂತಿತ್ತು. ಕಲ್ಯಾಣ ಚಾಲುಕ್ಯರ ಚಿನ್ನದ ಮೇಲೆ ಕೂತದ್ದು ಸಿಂಹ ಮತ್ತು ಅಕ್ಷರ. ಕೌಶಲದ ಕೊರತೆಯಿಂದ ಮುಖ ಬಾರದೆ ಹೋಯಿತೆಂದು ಹೇಳಲು ಇಲ್ಲಿ ದಾರಿಯೇ ಇಲ್ಲ.

ಆಕೃತಿ ಬೇಕೇಬೇಕು ಎನ್ನುವವರಿಗೆ ವೀರಗಲ್ಲಿದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಿನ ಹಳ್ಳಿಗಳಲ್ಲಿ ಗುಡಿಯ ಮುಂದೆ, ಅಗಸೆಯ ಬಳಿ, ಕೆರೆಯ ದಂಡೆಯಲ್ಲಿ ನಿಂತಿರುವ ಈ ಕಲ್ಲುಗಳ ಕಟ್ಟು ಬಹುಮಟ್ಟಿಗೆ ಒಂದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ತುರು ಹಿಂತಿರುಗಿಸಲು ಅಥವಾ ಊರಳಿವಿಗೆ ಎದುರಾಗಿ ನಿಂತವನು ಹಗೆಗಳಿಗಿಂತ ದೊಡ್ಡ ಗಾತ್ರದಲ್ಲಿ ಇರುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಒಯ್ಯುತ್ತಾರೆ. ಮೇಲೆ ಅವನು ಲಿಂಗದ ಸನ್ನಿಧಿಯಲ್ಲಿ, ಜೈನನಾದರೆ ಜಿನನ ಸನ್ನಿಧಿಯಲ್ಲಿ ಕೂತಿರುತ್ತಾನೆ. ತಲೆಯ ಮೇಲೆ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವಿನ ಅಂಚುಗಳಲ್ಲಿ ಅಕ್ಷರ: ಯಾವ ಅರಸನ ಕಾಲ, ಯಾವ ಊರು, ಯಾರ ಮಗ, ಯಾವುದಕ್ಕಾಗಿ ಸತ್ತ. ಬರೋಕ್ ಚಿತ್ರದಲ್ಲಿ ಅಂಡಾಕಾರದ ಚೌಕಟ್ಟಿನ ಮೇಲೆ ಹೆಸರು ಹರಿಯುವಂತೆ ಇಲ್ಲಿ ಅಂಚಿನ ಮೇಲೆ ಹೆಸರು ಹರಿಯುತ್ತದೆ. ಅಲ್ಲಿ ಲಾಂಛನವಿದ್ದಲ್ಲಿ ಇಲ್ಲಿ ಸೂರ್ಯ ಚಂದ್ರರಿದ್ದಾರೆ. ದಾನಶಾಸನಗಳ ತಲೆಯಲ್ಲಿ ಲಿಂಗ, ಪೂಜಾರಿ, ಕರುವಿಗೆ ಹಾಲೂಡುವ ಹಸು ಇರುವುದೂ ಇದೇ ಕ್ರಮದಲ್ಲಿ. ಓದುವವನ ಕಣ್ಣು ಅಕ್ಷರದಿಂದ ಆಕೃತಿಗೆ, ಆಕೃತಿಯಿಂದ ಅಕ್ಷರಕ್ಕೆ ಹೋಗಿಬರಬೇಕೆಂದೇ ಆ ಜಾಗಗಳನ್ನು ಹಂಚಲಾಗಿದೆ. ಅಂಚಿನ ಅಕ್ಷರ ಸವೆದ ವೀರಗಲ್ಲಿನಲ್ಲಿ ಯಾರೋ ಒಬ್ಬ ವೀರನಿದ್ದಾನೆ; ಅಕ್ಷರ ಉಳಿದ ಕಲ್ಲಿನಲ್ಲಿ ಅವನು ಇಂಥವನೇ ಆಗಿದ್ದಾನೆ.

ಇಲ್ಲಿ ಎದುರಾಗುವ ದೊಡ್ಡ ಆಕ್ಷೇಪ ಹೋಲಿಕೆಯದು. ವ್ಯಕ್ತಿಚಿತ್ರ ಅಂದಮೇಲೆ ಆ ವ್ಯಕ್ತಿಯಂತೆ ಕಾಣಬೇಡವೇ, ಎಲ್ಲ ವೀರರಿಗೂ ಒಂದೇ ಮುಡಿ, ಒಂದೇ ಮೂಗು ಇದ್ದರೆ ಅದು ಹೇಗೆ ವ್ಯಕ್ತಿಯ ಚಿತ್ರವಾದೀತು ಎಂದು ಕೇಳಬಹುದು. ಪ್ರಶ್ನೆ ಗಟ್ಟಿಯಾದದ್ದೇ. ನಾಂತೈ ತನ್ನ ಬಹುಪಾಲು ಚಿತ್ರಗಳನ್ನು ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಬರೆದ ರೇಖಾಚಿತ್ರದಿಂದಲೇ ಕೊರೆದ. ಅಂಥ ನೋಟದ ಶಿಸ್ತು ವೀರಗಲ್ಲಿನಲ್ಲಿಲ್ಲ, ಅದು ಇದೆಯೆಂದು ಸಾಧಿಸಲು ಹೊರಡುವುದು ಸುಳ್ಳಾಗುತ್ತದೆ. ಆದರೆ ಹೋಲಿಕೆ ಇಲ್ಲದ ಕೂಡಲೇ ವ್ಯಕ್ತಿಚಿತ್ರವೂ ಇಲ್ಲವೆನ್ನುವ ಮಾತಿಗೆ ಬರೋಕ್ ಯುರೋಪೇ ಉತ್ತರ ಕೊಟ್ಟಿದೆ. ಪಿಯೆರ್ ಲೊಂಬಾರ್ ಎಂಬ ಕೆತ್ತನೆಗಾರ ಕುದುರೆಯ ಮೇಲೆ ಕೂತ ನಾಯಕನ ತಗಡೊಂದನ್ನು ಕೊರೆದ. ಅದರ ಮಾದರಿ ವ್ಯಾನ್ ಡೈಕನ ಚಿತ್ರ. ಆ ಒಂದೇ ತಗಡಿನಲ್ಲಿ ತಲೆಯನ್ನು ಉಜ್ಜಿ ಅಳಿಸಿ ಬೇರೆ ಬೇರೆ ತಲೆ ಕೂರಿಸಲಾಯಿತು. ಕ್ರಾಮ್‌ವೆಲ್, 14ನೇ ಲೂಯಿ, 1ನೇ ಚಾರ್ಲ್ಸ್ ಎಲ್ಲರೂ ಸರದಿಯಂತೆ ಅದೇ ಕುದುರೆ ಏರಿದರು, ಅದೇ ಕವಚ ತೊಟ್ಟರು. ತಲೆಯೇ ಇಲ್ಲದ ಸ್ಥಿತಿಯ ಅಚ್ಚುಗಳೂ ಉಳಿದಿವೆ. ಅರಸನನ್ನು ಕೊಂದವರ ಮುಂದಾಳು ಕ್ರಾಮ್‌ವೆಲ್ ಮತ್ತು ಕೊಲೆಯಾದ ಅರಸ ಚಾರ್ಲ್ಸ್ ಇಬ್ಬರೂ ಒಂದೇ ಮೈಯನ್ನು ಹಂಚಿಕೊಂಡರೂ ನೋಡುಗರು ಅದನ್ನು ವ್ಯಕ್ತಿಚಿತ್ರವೆಂದೇ ಕೊಂಡರು. ಮೈ, ಉಡುಪು, ಕುದುರೆ, ಚೌಕಟ್ಟು ಅಲ್ಲಿಯೂ ಸಿದ್ಧ ಮಾದರಿಯವು. ವ್ಯಕ್ತಿಗೆ ಮೀಸಲಾದದ್ದು ಮುಖ ಮತ್ತು ಹೆಸರು. ಇಲ್ಲಿ ಮೀಸಲಾದದ್ದು ಹೆಸರು ಮತ್ತು ಕೃತ್ಯ. ಸಿದ್ಧ ಮಾದರಿ ಬಳಸಿದ್ದಕ್ಕೆ ಒಂದನ್ನು ಕಲೆಯೆಂದು, ಇನ್ನೊಂದನ್ನು ಬರಿಯ ರೂಢಿಯೆಂದು ಕರೆಯುವುದು ನ್ಯಾಯವಲ್ಲ.

ಅಕ್ಷರದಲ್ಲಿ ಮಾಡಿದ ಚಿತ್ರ ಎಷ್ಟು ಜೀವಂತವಾಗಿರಬಲ್ಲದು ಎಂಬುದಕ್ಕೆ ಗದಗಿನ ತ್ರಿಕೂಟೇಶ್ವರದಲ್ಲಿ ಸಿಗುವಂಥ ಪುರಾವೆ ಬೇರೆ ಕಡೆ ಸಿಗುವುದು ವಿರಳ. 1191ರಲ್ಲಿ ಸೇವುಣರ ಐದನೆಯ ಭಿಲ್ಲಮ ಈ ದೇವರಿಗೆ ದಾನ ಕೊಟ್ಟು ಶಾಸನ ಹಾಕಿಸಿದ. 1192ರಲ್ಲಿ ಅವನ ಸೈನ್ಯವನ್ನು ಸೋಲಿಸಿದ ಹೊಯ್ಸಳ ವೀರಬಲ್ಲಾಳ ಅದೇ ದೇವರಿಗೆ ದಾನ ಕೊಟ್ಟು ತನ್ನ ಶಾಸನ ಹಾಕಿಸಿದ. ಭಿಲ್ಲಮನ ಬಲಗೈಯಂತಿದ್ದ ಜೈತ್ರಸಿಂಹನನ್ನು ಮುರಿದು ಲೊಕ್ಕಿಗುಂಡಿಯನ್ನು ವಶ ಮಾಡಿಕೊಂಡದ್ದನ್ನು ಬಲ್ಲಾಳನ ಶಾಸನವೇ ಹೇಳುತ್ತದೆ, ದಾನ ಪಡೆದ ಆಚಾರ್ಯ ಸಿದ್ಧಾಂತಿ ಚಂದ್ರಭೂಷಣ ಪಂಡಿತನ ಗುಣಗಳನ್ನೂ ಬಿಡಿಸಿ ಹೇಳುತ್ತದೆ. ಒಂದೇ ಗುಡಿಯಲ್ಲಿ, ಹೆಚ್ಚೆಂದರೆ ಎರಡು ವರ್ಷದ ಅಂತರದಲ್ಲಿ, ಇಬ್ಬರು ಹಗೆಗಳ ಕೆತ್ತಿದ ಚಿತ್ರಗಳು. ಗೆದ್ದವನು ಸೋತವನ ಕಲ್ಲನ್ನು ಕಿತ್ತೆಸೆಯದೆ ತನ್ನದನ್ನು ಸೇರಿಸಿದ. ಇಬ್ಬರದೂ ಮುಖ ನಮಗೆ ಗೊತ್ತಿಲ್ಲ. ಇಬ್ಬರೂ ತಮ್ಮನ್ನು ಲೋಕ ಹೇಗೆ ಕಾಣಬೇಕೆಂದು ಬಯಸಿದರೋ ಅದು ಒಂದೊಂದು ಬಿರುದಿನಲ್ಲೂ ಗೊತ್ತಾಗುತ್ತದೆ. 14ನೇ ಲೂಯಿ ತನ್ನ ಮುಖವನ್ನು ತಾಮ್ರದಲ್ಲಿ ಕೊರೆಸಿ ಹಂಚಿದ್ದರ ಹಿಂದೆ ಇದ್ದದ್ದೂ ಈ ಬಯಕೆಯೇ. ಮುಂಡರಗಿ ತಾಲ್ಲೂಕಿನ ಡಂಬಳದ 1095ರ ಶಾಸನ ಇನ್ನೂ ಒಂದು ಹೆಜ್ಜೆ ಆಚೆ ಹೋಗುತ್ತದೆ. ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರ, ತಾರಾ ಭಗವತಿಗೆ ಸಂದ ದಾನ, ವ್ಯಾಪಾರಿ ಸಂಘದ ಹಿರಿಮೆ ಅದರ ವಸ್ತು. ಅರಸನಲ್ಲದವರೂ ಒಂದು ಗುಂಪಾಗಿ ಕಲ್ಲಿನಲ್ಲಿ ತಮ್ಮ ಚಿತ್ರ ಬರೆಸಿಕೊಳ್ಳಬಹುದಾಗಿತ್ತು ಎಂಬುದಕ್ಕೆ ಅದು ಆಧಾರ.

ಈ ಪದ್ಧತಿಯ ಕೊರತೆಯನ್ನು ಮುಚ್ಚಿಡುವ ಅಗತ್ಯವಿಲ್ಲ. ಕೃತ್ಯದಿಂದ ವ್ಯಕ್ತಿಯನ್ನು ಗುರುತಿಸುವ ಕಲೆ ಯಾರ ಕೃತ್ಯವನ್ನು ಸಮಾಜ ಎಣಿಸುತ್ತದೆಯೋ ಅವರನ್ನು ಮಾತ್ರ ಚಿತ್ರಿಸುತ್ತದೆ. ಮಾಸ್ತಿಗಲ್ಲಿನಲ್ಲಿ ಹೆಣ್ಣು ಉಳಿಯುವುದು ಬಹಳ ಸಲ ಬಳೆ ತೊಟ್ಟ, ಮೇಲೆತ್ತಿದ ಒಂದು ತೋಳಾಗಿ. ಆ ತೋಳಿನ ಹಿಂದಿದ್ದವಳ ಹೆಸರೂ ಎಷ್ಟೋ ಕಲ್ಲುಗಳಲ್ಲಿಲ್ಲ. ಅತ್ತಿಮಬ್ಬೆಯ ಮನೆಯ ಕಥೆಯಲ್ಲೇ ಈ ಅಂತರ ಕಾಣುತ್ತದೆ. ಗಂಡ ನಾಗದೇವ ತೀರಿಕೊಂಡಾಗ ಅವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ, ಸಹಗಮನ ಮಾಡಿದಳು. ಬದುಕಿ ಉಳಿದು ಬಸದಿ ಕಟ್ಟಿಸಿದ, ಗ್ರಂಥ ಬರೆಸಿದ ಅಕ್ಕ ಶಾಸನದಲ್ಲೂ ರನ್ನನ ಅಜಿತಪುರಾಣದಲ್ಲೂ ತುಂಬಿಕೊಂಡಿದ್ದಾಳೆ. ಅವಳಿಗೆ ಆ ಜಾಗ ಸಿಕ್ಕಿದ್ದು ದಾನ ಕೊಡುವ ಸಿರಿ ಇದ್ದುದರಿಂದ. ನೆಲ ಉತ್ತವರು, ಈ ಕಲ್ಲುಗಳನ್ನು ಗಣಿಯಿಂದ ಎಳೆದು ತಂದವರು ಯಾವ ಪಟ್ಟಿಕೆಯಲ್ಲೂ ಇಲ್ಲ. ನಾಂತೈಯ ತಗಡುಗಳಲ್ಲೂ ಅಂಥವರು ಇಲ್ಲವೆಂಬುದು ಸಮಾಧಾನದ ಮಾತಾಗಲಾರದು. ಎರಡೂ ಕಲೆಗಳು ಅಧಿಕಾರದ ಸುತ್ತ ಬೆಳೆದವು. ಹಾಗಿದ್ದೂ ತುರು ಬಿಡಿಸಲು ಹೋಗಿ ಸತ್ತ ಹಳ್ಳಿಯ ಸಾಮಾನ್ಯ ಕಾವಲಿನವನಿಗೂ ಆಳೆತ್ತರದ ಕಲ್ಲು ನಿಲ್ಲಿಸಿದ ಈ ಪದ್ಧತಿಯ ಕೈ ತುಸು ದೊಡ್ಡದೆಂದು ನಾನು ನಂಬುತ್ತೇನೆ. ಪ್ಯಾರಿಸ್ಸಿನಲ್ಲಿ ಅಂಥವನ ಮುಖಕ್ಕೆ ತಾಮ್ರ ಖರ್ಚು ಮಾಡುವವರು ಇರಲಿಲ್ಲ.

ಕೊರೆದವರ ವಿಷಯಕ್ಕೆ ಬಂದರೆ ಎರಡು ಲೋಕಗಳು ಇನ್ನೂ ಹತ್ತಿರವಾಗುತ್ತವೆ. ಯುರೋಪಿನ ಅಚ್ಚಿನ ಕೆಳಗೆ ಚಿತ್ರ ಬರೆದವನ, ತಾಮ್ರ ಕೊರೆದವನ, ಪ್ರಕಟಿಸಿದವನ ಹೆಸರುಗಳು ಬೇರೆ ಬೇರೆಯಾಗಿ ಇರುತ್ತವೆ. ಕನ್ನಡ ಶಾಸನಗಳ ಕೊನೆಯಲ್ಲೂ ಪದ್ಯ ಕಟ್ಟಿದವನು, ಕಲ್ಲಿನ ಮೇಲೆ ಬರೆದುಕೊಟ್ಟವನು, ಉಳಿಯಿಂದ ಕಂಡರಿಸಿದವನು ಹೀಗೆ ಕೆಲಸ ಹಂಚಿಕೊಂಡವರ ಹೆಸರು ಬರುವುದುಂಟು. ಶ್ರವಣಬೆಳಗೊಳದಲ್ಲಿ ಗಂಗಾಚಾರಿ ತನ್ನನ್ನು ಬಿರುದಿನ ರೂವಾರಿಗಳ ಮುಖಕ್ಕೆ ತಿಲಕ ಎಂದು ಕರೆದುಕೊಂಡಿದ್ದಾನೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ಕೆಲಸದ ಕೆಳಗೆ ಹೆಸರು ಕೊರೆದುಕೊಂಡರು. ಕಲ್ಯಾಣ ಚಾಲುಕ್ಯರ ಸೀಮೆಯಲ್ಲಿ ಪಳಗಿದ ಇಂಥ ಕೈಗಳೇ ದಕ್ಷಿಣಕ್ಕೆ ಹೋಗಿ ಹೊಯ್ಸಳರ ಗುಡಿಗಳನ್ನು ಕೆತ್ತಿದವು. ಷ. ಶೆಟ್ಟರ್ ಅವರು ‘ಹಳಗನ್ನಡ: ಲಿಪಿ, ಲಿಪಿಕಾರ, ಲಿಪಿ ವ್ಯವಸಾಯ’ದಲ್ಲಿ ಈ ಲಿಪಿಕಾರರನ್ನೇ ನಡುವಿಗೆ ತಂದು ಕೂರಿಸಿದರು. ಅಲ್ಲಿಯವರೆಗೆ ಶಾಸನವೆಂದರೆ ಅರಸರ ಪಟ್ಟಿಯಾಗಿ ಓದುತ್ತಿದ್ದವರಿಗೆ, ಅದನ್ನು ಕೊರೆದ ಕೈಗೂ ಚರಿತ್ರೆಯಿದೆ ಎಂದು ತೋರಿಸಿದ ಕೆಲಸ ಅದು. 1660ರ ಫ್ರೆಂಚ್ ರಾಜಾಜ್ಞೆ ಕೆತ್ತನೆಗಾರನಿಗೆ ಕೊಟ್ಟ ಗೌರವವನ್ನು ಗಂಗಾಚಾರಿ 12ನೇ ಶತಮಾನದಲ್ಲೇ ತನ್ನ ಉಳಿಯಿಂದ ತಾನೇ ಪಡೆದುಕೊಂಡಿದ್ದ.

ನಾಂತೈ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ ಗದಗ, ಲಕ್ಷ್ಮೇಶ್ವರಗಳು ಬಿಜಾಪುರದ ಆದಿಲಶಾಹಿಯ ಕೈಯಲ್ಲಿದ್ದವು. ಮುಖದ ಹೋಲಿಕೆ ಹಿಡಿಯುವ ಕಲೆ ಆಗ ಬಿಜಾಪುರಕ್ಕೆ ಬಂದಿತ್ತು. ಎರಡನೆಯ ಇಬ್ರಾಹಿಂ ಆದಿಲಶಾಹನ (ಆಳಿಕೆ 1580–1627) ಭಾವಚಿತ್ರಗಳು ಇಂದು ಜಗತ್ತಿನ ಸಂಗ್ರಹಾಲಯಗಳಲ್ಲಿವೆ. ಆದರೆ ಅವು ಕಾಗದದ ಮೇಲಿನ ಬಣ್ಣದ ಚಿತ್ರಗಳು, ಆಸ್ಥಾನದೊಳಗೆ ಕೈಯಿಂದ ಕೈಗೆ ಹೋಗುತ್ತಿದ್ದವು. ಕಲ್ಲಿನ ಮೇಲೆ ಆ ಕಾಲ ಬಿಟ್ಟುಹೋದದ್ದು ಮತ್ತೆ ಅಕ್ಷರವನ್ನೇ. ಹಿನ್ನೆಲೆಯನ್ನು ತಗ್ಗಿಸಿ ಅಕ್ಷರವನ್ನು ಉಬ್ಬಾಗಿ ನಿಲ್ಲಿಸುವ ಪಾರಸಿ ಬರಹದ ರೀತಿ ಕನ್ನಡ ಶಾಸನದ ಕೊರೆದ ಗೆರೆಗೆ ಎದುರುಮುಖವಾದದ್ದು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಮತ್ತು ಜುಮ್ಮಾ ಮಸೀದಿಗಳನ್ನು ಒಂದೇ ದಿನ ನೋಡಿ ಬರುವವರಿಗೆ ಒಂದೇ ಊರು ಕಲ್ಲನ್ನು ಎಷ್ಟು ಬಗೆಯಲ್ಲಿ ಮಾತಾಡಿಸಿತು ಎಂಬುದು ತಿಳಿಯುತ್ತದೆ.

ಇನ್ನು 19ನೇ ಶತಮಾನ. ದಕ್ಷಿಣ ಮರಾಠಾ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಈ ಭಾಗದ ಶಾಸನಗಳ 595 ನಕಲುಗಳನ್ನು ಕೂಡಿಸಿದ. ಜೆ. ಎಫ್. ಫ್ಲೀಟ್ 1878ರಲ್ಲಿ ಮುಂಬಯಿ ಇಲಾಖೆಯ ಪಾಳಿ, ಸಂಸ್ಕೃತ, ಹಳಗನ್ನಡ ಶಾಸನಗಳ ಚಿತ್ರಸಂಪುಟ ತಂದ, 1883ರಲ್ಲಿ ಸರಕಾರದ ಶಾಸನತಜ್ಞನಾದ. ಗದಗಿನ ಭಿಲ್ಲಮ, ಬಲ್ಲಾಳರ ಆ ಎರಡು ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಕೀಲ್‌ಹಾರ್ನ್ ಮತ್ತು ಲ್ಯೂಡರ್ಸ್ ಸಂಪಾದಿಸಿದರು. ಪ್ರತಿ ತೆಗೆಯುವ ವಿಧಾನ ಪಡಿಯಚ್ಚು: ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಅಕ್ಷರದ ತಗ್ಗಿಗೆ ಇಳಿಯುವವರೆಗೆ ಕುಂಚದಿಂದ ಬಡಿದು, ಮೇಲೆ ಮಸಿ ತಟ್ಟುವುದು. ತಗ್ಗಿನಲ್ಲಿ ಮಸಿ ತಾಗುವುದಿಲ್ಲವಾದ್ದರಿಂದ ಕಪ್ಪು ನೆಲದ ಮೇಲೆ ಅಕ್ಷರ ಬಿಳಿಯಾಗಿ ಏಳುತ್ತದೆ. ತಾಮ್ರದ ಅಚ್ಚಿನಲ್ಲಿ ಮಸಿ ಕೂರುವುದು ತಗ್ಗಿನಲ್ಲಿ, ಚಿತ್ರ ಮೂಡುವುದು ಎಡಬಲ ತಿರುಗಿ. ಪಡಿಯಚ್ಚಿನಲ್ಲಿ ಎರಡೂ ಹಾಗಿಲ್ಲ. ಏನೇ ಇರಲಿ, ಏಳೆಂಟು ನೂರು ವರ್ಷ ಒಂದೇ ಪ್ರತಿಯಾಗಿದ್ದ ಕೆತ್ತನೆ ಆಗ ಮೊದಲ ಬಾರಿಗೆ ಕಾಗದದ ಮೇಲೆ ಹಲವಾಯಿತು. ಈ ಕೆಲಸದ ಋಣ ದೊಡ್ಡದು. ಪಡಿಯಚ್ಚು ಇಲ್ಲದಿದ್ದರೆ ಆಮೇಲೆ ಒಡೆದು ಹೋದ, ಗೋಡೆಗೆ ಸೇರಿದ ಎಷ್ಟೋ ಶಾಸನಗಳ ಪಾಠವೇ ನಮಗೆ ಇರುತ್ತಿರಲಿಲ್ಲ. ಆದರೆ ಕಾಗದ ಹಚ್ಚಿದ್ದು ಬಹುಮಟ್ಟಿಗೆ ಅಕ್ಷರದ ಮೇಲೆ ಮಾತ್ರ. ಮೇಲಿನ ಲಿಂಗ, ಹಸು, ಪೂಜಾರಿ, ವೀರ ಇವು ಸಂಪಾದಕರ ಮುನ್ನುಡಿಯಲ್ಲಿ ಒಂದೆರಡು ಸಾಲಿನ ವಿವರವಾದವು. ಇತ್ತ 1866ರಲ್ಲಿ ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ ಧಾರವಾಡ, ಮೈಸೂರುಗಳ ವಾಸ್ತುವಿನ ಛಾಯಾಚಿತ್ರಗಳ ಗ್ರಂಥ ತಂದರು. ಹೆನ್ರಿ ಕಸಿನ್ಸ್ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಮೇಲೆ ದೊಡ್ಡ ಪುಸ್ತಕ ಬರೆದ. ಅವರಿಗೆ ಬೇಕಾದದ್ದು ಗೋಪುರ, ಕಂಬ, ವಿಗ್ರಹ. ಹೀಗೆ ಒಂದೇ ಕಲ್ಲು ಎರಡು ಕಪಾಟುಗಳಲ್ಲಿ ಹಂಚಿಹೋಯಿತು. ದಕ್ಷಿಣ ಭಾರತ ಶಾಸನ ಸಂಪುಟಗಳಲ್ಲಿ ಮುಂಬಯಿ ಕರ್ನಾಟಕಕ್ಕೆ ಮೀಸಲಾದ ಸಂಪುಟಗಳು ಪಾಠದ ಮಟ್ಟಿಗೆ ಅಮೂಲ್ಯ. ಅವುಗಳನ್ನು ಓದಿ ಆ ಕಲ್ಲು ಕಣ್ಣಿಗೆ ಹೇಗಿತ್ತೆಂದು ತಿಳಿಯುವುದು ಕಷ್ಟ. 1982ರಲ್ಲಿ ಆರ್. ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’, ಅದೇ ವರ್ಷ ಶೆಟ್ಟರ್ ಮತ್ತು ಸೊಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ ಬಂದ ಮೇಲೆ ಅಕ್ಷರ, ಆಕೃತಿಗಳನ್ನು ಕೂಡಿಸಿ ನೋಡುವ ಹಾದಿ ಮತ್ತೆ ತೆರೆಯಿತು.

ಮುಖ ಕೊನೆಗೂ ಈ ಸೀಮೆಗೆ ಬಂದದ್ದು ಅಚ್ಚಿನ ಜೊತೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹರ್ಮನ್ ಮ್ಯೋಗ್ಲಿಂಗ್ ಕಲ್ಲಚ್ಚಿನಲ್ಲೇ ಅಚ್ಚು ಹಾಕಿಸಿದ. 1894ರಲ್ಲಿ ಮುಂಬಯಿಯ ಬಳಿ ಶುರುವಾದ ರವಿವರ್ಮಾ ಪ್ರೆಸ್ಸಿನ ಬಣ್ಣದಚ್ಚುಗಳು ದೇವರಿಗೆ ಮನುಷ್ಯರ ಮುಖ ಕೊಟ್ಟು ಮನೆಮನೆಗೆ ಕಳಿಸಿದವು. ಮುಂದೆ ಮುದ್ರಣಕಾಶಿ ಎಂದು ಹೆಸರಾದ ಗದಗಿನಲ್ಲಿ ಶಾಬಾದಿಮಠ, ಹೊಂಬಾಳಿ, ಸಂಕೇಶ್ವರ ಮುಂತಾದ ಮನೆತನಗಳ ಅಚ್ಚುಕೂಟಗಳು, ಪುಸ್ತಕದಂಗಡಿಗಳು ಪುರಾಣ, ತತ್ವಪದ, ನಾಟಕ, ನಿಘಂಟುಗಳನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವು. ಇಂಥ ಪುಸ್ತಕಗಳ ಮೊದಲ ಹಾಳೆಗಳಲ್ಲಿ ಮಠದ ಸ್ವಾಮಿಗಳ ಅಥವಾ ದಾನಿಗಳ ಚಿತ್ರ ಹಾಕುವುದು ರೂಢಿಯಾಯಿತು. ಛಾಯಾಚಿತ್ರವನ್ನು ಸಣ್ಣ ಚುಕ್ಕೆಗಳಾಗಿ ಒಡೆದು ಲೋಹದ ತಗಡಿನಲ್ಲಿ ಆಮ್ಲದಿಂದ ಕೊರೆಸಿದ ಬ್ಲಾಕು ಅದು. ಉಳಿ ಹಿಡಿದ ಕೈ ಅಲ್ಲಿ ಇಲ್ಲ, ಆದರೆ ಜೋಡಣೆ ಹಳೆಯದೇ: ನಡುವೆ ಮುಖ, ಸುತ್ತ ಬಳ್ಳಿಯ ಚೌಕಟ್ಟು, ಕೆಳಗೆ ಎರಡು ಮೂರು ಸಾಲಿನಷ್ಟು ಬಿರುದು, ಹೆಸರು, ಊರು, ಮಠ. ನಾಂತೈಯ ಚೌಕಟ್ಟಿಗೂ ಶಾಸನದ ಪ್ರಶಸ್ತಿಗೂ ಒಟ್ಟಿಗೆ ನೆಂಟಸ್ತಿಕೆ ಹೇಳಬಹುದಾದ ಪುಟ ಅದು. ಮದುವೆಗೆ ಕೊಡುವ ಸ್ಟೀಲಿನ ಕೊಡಪಾನದ ಮೇಲೆ ಕೊಟ್ಟವರ ಹೆಸರು, ಊರು, ತಾರೀಖು ಕೊರೆಸುವವರು ಇಂದಿಗೂ ಮುಖ ಕೊರೆಸುವುದಿಲ್ಲ. ದಾನಶಾಸನದ ಕ್ರಮವೇ ಅಲ್ಲಿ ನಡೆದಿದೆ.

ಉಬ್ಬುಶಿಲ್ಪವನ್ನೂ ಶಾಸನವನ್ನೂ ತಾಮ್ರದ ಅಚ್ಚುಕೆತ್ತನೆಯ ಸಾಲಿಗೆ ತರುವುದೇ ತಪ್ಪು, ಅಚ್ಚಿಗೆಂದು ಕೊರೆಯುವ ಕಲೆಗೂ ನೋಡಲೆಂದು ಕೊರೆಯುವ ಕಲೆಗೂ ಗುರಿ ಬೇರೆ ಎಂಬ ಆಕ್ಷೇಪ ಉಳಿದಿದೆ. ಗುರಿ ಬೇರೆ ಎಂಬುದನ್ನು ಒಪ್ಪುತ್ತೇನೆ. ಬರೋಕ್ ಚಿತ್ರ ವ್ಯಕ್ತಿ ಇಲ್ಲದ ಊರಿಗೂ ಅವನನ್ನು ಕಳಿಸುತ್ತಿತ್ತು. ಕಲ್ಲು ವ್ಯಕ್ತಿ ಸತ್ತ ಜಾಗದಲ್ಲೇ, ದಾನ ಕೊಟ್ಟ ನೆಲದಲ್ಲೇ ಅವನನ್ನು ನಿಲ್ಲಿಸುತ್ತಿತ್ತು. ಒಂದು ದೂರವನ್ನು ದಾಟಲು, ಇನ್ನೊಂದು ಕಾಲವನ್ನು ದಾಟಲು ಹುಟ್ಟಿದ್ದು. ಈ ವ್ಯತ್ಯಾಸದಿಂದಲೇ ಮುಂದಿನ ಕೆಲಸವೂ ನಿರ್ಧಾರವಾಗುತ್ತದೆ. ನಿಂತ ನೆಲದಿಂದ ಕಿತ್ತು ಸಂಗ್ರಹಾಲಯದ ಅಂಗಳದಲ್ಲಿ ಸಾಲಾಗಿ ನೆಟ್ಟ ವೀರಗಲ್ಲು, ಬರೀ ಪಾಠವಾಗಿ ಪುಸ್ತಕ ಸೇರಿದ ಶಾಸನ ಎರಡೂ ಅರ್ಧ ಚಿತ್ರಗಳು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಕೈಗೊಂಡಿರುವ ಶಾಸನಗಳ ಮೂರು ಆಯಾಮದ ಡಿಜಿಟಲ್ ದಾಖಲಾತಿ ಇದಕ್ಕೆ ಒಳ್ಳೆಯ ಮಾದರಿ. ಸ್ಕ್ಯಾನರಿಗೆ ಅಕ್ಷರ ಬೇರೆ, ಆಕೃತಿ ಬೇರೆ ಎಂಬ ಭೇದವಿಲ್ಲ. ಗೆರೆಯ ಆಳ, ಉಬ್ಬಿನ ಎತ್ತರ, ಸವೆದ ಅಂಚು ಎಲ್ಲವನ್ನೂ ಒಂದೇ ಕಡತದಲ್ಲಿ ಹಿಡಿಯುತ್ತದೆ. ಲಕ್ಷ್ಮೇಶ್ವರ, ಗದಗ, ಡಂಬಳ, ಲಕ್ಕುಂಡಿಗಳ ಶಾಸನಗಳನ್ನೂ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಹಳ್ಳಿಗಳ ವೀರಗಲ್ಲು, ಮಾಸ್ತಿಗಲ್ಲುಗಳನ್ನೂ ಹೀಗೆ ನಿಂತ ಜಾಗದಲ್ಲೇ ಹಿಡಿದು, ಪ್ರತಿಯೊಂದಕ್ಕೂ ಪ್ರಕಟವಾಗಿರುವ ಪಾಠವನ್ನು ಜೋಡಿಸಬೇಕು. ಅಕ್ಷರ ಸವೆದ ಕಲ್ಲುಗಳಿಂದ ಮೊದಲು ಮಾಡುವುದು ಒಳ್ಳೆಯದು, ಏಕೆಂದರೆ ಬರಿಗಣ್ಣಿಗೆ ಕಾಣದ ತೆಳು ಗೆರೆಯಿಂದ ಒಂದು ಹೆಸರನ್ನು ಓದಿ ತೆಗೆಯಲು ಆಗುವುದಾದರೆ ಆಗುವುದು ಅವುಗಳಲ್ಲೇ.